ಅಂಜಿಕೆಯ ಲೆಕ್ಕದಲ್ಲಿ ಅಂಜೂರ

ಒಂದು ವಂಶದಲ್ಲಿ ಮೊದಲು ಡಿಗ್ರಿ ಮಾಡಿದವನ ಕಷ್ಟ ಆ ವಂಶದ ಎರಡನೆಯ ಡಿಗ್ರಿಯವನಿಗೆ ಗೊತ್ತಾಗುವುದಿಲ್ಲ. ಎರಡನೆಯವನು ತಯಾರಾಗುವ ಹೊತ್ತಿಗೆ ಡಿಗ್ರಿಯಿಂದ ಏನೇನಾಗುತ್ತದೆ, ಮುಖ್ಯವಾಗಿ ಏನೇನಾಗುವುದಿಲ್ಲ ಎಂಬುದು ಮನೆಯವರಿಗೆ ತಿಳಿದುಹೋಗಿರುತ್ತದೆ. ಮೊದಲನೆಯವನ ಪಾಡು ಹಾಗಲ್ಲ. ಮಾತ್ರೆ ಡಬ್ಬಿಯೊಳಗಿನ ಚೀಟಿ, ಮಿಕ್ಸಿಯ ಗ್ಯಾರಂಟಿ ಕಾರ್ಡು, ಟಿ.ವಿ.ಯಲ್ಲಿ ತೋರಿಸಿದ ಚಂಡಮಾರುತ ನಮ್ಮ ಕಡೆ ತಿರುಗುತ್ತದೋ ಇಲ್ಲವೋ ಎಂಬ ಪ್ರಶ್ನೆ, ಎಲ್ಲವೂ ಅವನ ಮುಂದೆಯೇ ಬಂದು ನಿಲ್ಲುತ್ತವೆ. ಅವನು ‘ಗೊತ್ತಿಲ್ಲ’ ಎನ್ನುವ ಹಾಗಿಲ್ಲ. ಹಾಗೆ ಹೇಳಿಬಿಟ್ಟರೆ, ‘ಅಷ್ಟೆಲ್ಲಾ ಓದಿ ಎಂತ ಮಾಡಿದ ಹಾಗಾಯ್ತು’ ಎಂಬ ಮಾತು ಬರುತ್ತದೆ. ಹಾಗಾಗಿ ನಾನು ಆ ಶಬ್ದವನ್ನು ಬಳಸುವವನೇ ಅಲ್ಲ. ಬಳಸುವವನಾಗಿದ್ದರೆ ಸಾಗರದ ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು, ಅಂಗಿಯ ಬೆನ್ನು ಒದ್ದೆಯಾಗುವಷ್ಟು ಬೆವರುವ ಪ್ರಸಂಗ ಬರುತ್ತಿರಲಿಲ್ಲ.

ಡಿಗ್ರಿಯ ಬಗ್ಗೆ ನನಗೆ ಹೆಮ್ಮೆ ಇದೆ. ಅದನ್ನು ಮುಚ್ಚಿಟ್ಟುಕೊಳ್ಳುವ ಸಂಕೋಚ ನನಗಿಲ್ಲ. ನನ್ನಪ್ಪ ಸಾಗರದ ಒಂದು ಮರದ ಮಿಲ್ಲಿನಲ್ಲಿ ದಿಮ್ಮಿ ಕೊಯ್ಯುತ್ತಿದ್ದ. ನಾನು ಬೆಳಿಗ್ಗೆ ಅಲ್ಲಿ ಮರದ ಹುಡಿಯನ್ನು ಚೀಲಕ್ಕೆ ತುಂಬಿ, ಹಾಗೇ ತಲೆ ಕೊಡವಿಕೊಂಡು ಕಾಲೇಜಿಗೆ ಓಡುತ್ತಿದ್ದೆ. ಒಮ್ಮೆ ಇತಿಹಾಸದ ಮೇಷ್ಟ್ರು ಪಾಠ ನಿಲ್ಲಿಸಿ, “ತಲೆಗೆ ಎಂತ ಹಾಕ್ಕೊಂಡು ಬಂದಿದೀಯೋ?” ಎಂದರು. “ತೇಗ ಸಾರ್” ಎಂದೆ. ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ಆ ವರ್ಷ ಇತಿಹಾಸದಲ್ಲಿ ಎಲ್ಲರಿಗಿಂತ ಮುಂದೆ ಬಂದೆ. ಬಿ.ಎ. ಆಯಿತು, ಬಿ.ಎಡ್. ಆಯಿತು, ಈಗ ಹೊಸನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಇಷ್ಟು ಪಾಡುಪಟ್ಟು ಸಂಪಾದಿಸಿದ ಡಿಗ್ರಿಯನ್ನು ಮನುಷ್ಯ ಗೋಡೆಗೆ ನೇತುಹಾಕಿ ಸುಮ್ಮನಿರುವುದು ಹೇಗೆ? ನಾಲಗೆಯ ಮೇಲೂ ಸ್ವಲ್ಪ ಇಟ್ಟುಕೊಳ್ಳುತ್ತಾನೆ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ತೊಂದರೆಯ ಇನ್ನೊಂದು ತುದಿಯಲ್ಲಿದ್ದವರು ನನ್ನ ಅತ್ತೆ ಸುಗುಣಮ್ಮ, ತೀರ್ಥಹಳ್ಳಿಯವರು. ಅಲ್ಲಿನ ಚರ್ಚಿನಲ್ಲಿ ತುಂಬ ಕಾಲ ಭಾನುವಾರದ ಮಕ್ಕಳಿಗೆ ಬೈಬಲಿನ ಕಥೆ ಹೇಳಿಕೊಟ್ಟವರು. ಬೆಳಿಗ್ಗೆ ಕಾಫಿಗೂ ಮೊದಲು ಬೈಬಲ್ ಓದಿಯೇ ಅವರ ದಿನ ಶುರುವಾಗುತ್ತಿತ್ತು. ಆದಿಯಿಂದ ಅಂತ್ಯದವರೆಗೆ ಓದಿ ಮುಗಿಸುವುದು, ಮುಗಿಸಿದ ಮರುದಿನ ಮತ್ತೆ ಆದಿಯಿಂದ ಹಿಡಿಯುವುದು. ಅಂಥವರ ಎರಡೂ ಕಣ್ಣಿಗೆ ಪೊರೆ ಬಂತು. ಎಡಗಣ್ಣಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣದು. ಬಲಗಣ್ಣಿನಲ್ಲಿ ನಾನು ಒಂದು ಬಿಳಿಯ ವಸ್ತು. “ಬೆಳ್ಳಗಿದ್ರೆ ಅಳಿಯಂದ್ರು, ಬಣ್ಣ ಇದ್ರೆ ಗ್ರೇಸಿ” ಎಂದು ನಗುತ್ತಿದ್ದರು. ಗ್ರೇಸಿ ಎಂದರೆ ನನ್ನ ಹೆಂಡತಿ. ಅವರ ನಗು ನಮಗೆ ನಗು ತರಿಸುತ್ತಿರಲಿಲ್ಲ. ಪುಸ್ತಕವನ್ನು ಮೂಗಿಗೆ ತಾಗಿಸಿ, ಮೂಗನ್ನು ಕಿಟಕಿಗೆ ತಾಗಿಸಿ, ಆಮೇಲೆ ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡು ಕೂರುವುದನ್ನು ನೋಡಿದವರಿಗೆ ಗೊತ್ತು. ಡಾಕ್ಟರು ಬಿಡಿಸಿ ಹೇಳಿದ್ದರು: ಪೊರೆ ಇನ್ನೂ ಬಲಿತರೆ ಆಪರೇಷನ್ನೇ ಕಷ್ಟ, ಕಣ್ಣು ಉಳಿಯುತ್ತದೆಂದು ಹೇಳಲಾಗುವುದಿಲ್ಲ, ಬೇಗ ಮಾಡಿಸಿ.

ಮಾಡಿಸಲು ನಾವು ತಯಾರು. ಆದರೆ ಅತ್ತೆಯವರ ಬಿಪಿ ತಯಾರಿಲ್ಲ. ಮನೆಯಲ್ಲಿ ನೋಡಿದರೆ ಸಾಧು ಹಸುವಿನಂತಿರುವ ಬಿಪಿ, ಆಸ್ಪತ್ರೆಯ ಹಸಿರು ಪರದೆ ಕಂಡ ಕೂಡಲೇ ಹಗ್ಗ ಹರಿದುಕೊಂಡು ಓಡುತ್ತಿತ್ತು. ಎರಡು ಸಲ ಕಣ್ಣಿಗೆ ಹನಿ ಹಾಕಿ, ಹಸಿರು ಅಂಗಿ ತೊಡಿಸಿ, ಕೊನೆಯಲ್ಲಿ ಬಿಪಿ ನೋಡಿ, “ಇವತ್ತು ಬೇಡ, ಕರ್ಕೊಂಡು ಹೋಗಿ” ಎಂದು ವಾಪಸು ಕಳಿಸಿದರು. ಅತ್ತೆಗೆ ಸಾವಿನ ಹೆದರಿಕೆ ಇಲ್ಲ. ಅವರ ಹೆದರಿಕೆ ಒಂದೇ: “ಎಚ್ಚರ ಇರುವಾಗ್ಲೇ ಕಣ್ಣಿಗೆ ಕತ್ತಿ ಹಾಕ್ತಾರಂತೆ. ಬರೋದು ಕಾಣ್ತದಲ್ಲ ಅಳಿಯಂದ್ರೆ!” ಕಣ್ಣು ಕಾಣದೆ ಆಸ್ಪತ್ರೆಗೆ ಹೋಗುವವರಿಗೆ ಕತ್ತಿ ಮಾತ್ರ ಹೇಗೆ ಕಾಣುತ್ತದೆ ಎಂದು ಕೇಳಬೇಕೆನಿಸಿತು. ಅತ್ತೆಯನ್ನು ಹಾಗೆಲ್ಲ ಕೇಳುವುದಕ್ಕಾಗುವುದಿಲ್ಲ.

ಮೂರನೆಯ ಸಲಕ್ಕೆ ದಿನ ಗೊತ್ತಾದ ಮೇಲೆ ಅತ್ತೆಯನ್ನು ಕರೆತಂದು ಹೊಸನಗರದ ನಮ್ಮ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಂಡೆವು. ಹಾಡು, ಪ್ರಾರ್ಥನೆ ಎಲ್ಲ ಆಗಿ ಅವಲಕ್ಕಿ ಬರುವ ಮುನ್ನ ಒಂದು ಮೌನ ಬಂತು. ಮೌನ ಬಂದರೆ ಅದನ್ನು ತುಂಬುವುದು ಪದವೀಧರನ ಕರ್ತವ್ಯ ಎಂದು ನಾನು ತಿಳಿದಿದ್ದೇನೆ. ಅದೇ ಬೆಳಿಗ್ಗೆ ಫೋನಿಗೆ ಯಾರೋ ಕಳಿಸಿದ್ದ ಸೂರ್ಯೋದಯದ ಚಿತ್ರ ನೆನಪಾಯಿತು, ಅದರ ಕೆಳಗಿನ ಸಾಲೂ ನೆನಪಾಯಿತು. ಗಂಟಲು ಸರಿಮಾಡಿಕೊಂಡು ಹೇಳಿದೆ: “ಬೈಬಲಿನಲ್ಲಿ ‘ಭಯಪಡಬೇಡ’ ಎನ್ನುವ ಮಾತು ಮುನ್ನೂರ ಅರವತ್ತೈದು ಸಲ ಬರುತ್ತದೆ. ವರ್ಷದ ಒಂದೊಂದು ದಿನಕ್ಕೆ ಒಂದೊಂದು.” ಕೂತವರೆಲ್ಲ ದೇವರಿಗೆ “ಸ್ತೋತ್ರ” ಎಂದರು. ಓದಿದವರ ಬಾಯಿಂದ ಬಂದ ಮಾತಿಗೆ ಎಷ್ಟು ತೂಕ ನೋಡಿ ಎಂದು ನಾನೂ ಒಳಗೊಳಗೇ ಸ್ತೋತ್ರ ಹೇಳಿಕೊಂಡೆ. ಅತ್ತೆ ಮಾತ್ರ ನನ್ನ ಬಿಳಿ ಅಂಗಿಯ ಕಡೆ ಮುಖ ತಿರುಗಿಸಿದರು.

“ದಿನಕ್ಕೊಂದಾ?”

“ದಿನಕ್ಕೊಂದು ಅತ್ತೆ.”

“ನಾನು ಇಷ್ಟು ಸಲ ಓದಿದೀನಿ, ಎಣಿಸ್ಲಿಲ್ಲ ನೋಡಿ. ಹಾಗಾದ್ರೆ ಆಪರೇಷನ್ ದಿನದ್ದು ಯಾವುದು?”

ಅವಲಕ್ಕಿ ಬಂತು. ಎಲ್ಲರೂ ತಿಂದರು. ನಾನು ತಟ್ಟೆ ಬದಿಗಿಟ್ಟೆ. “ಹುಡುಕಿ ಹೇಳ್ತೀನಿ” ಎಂದೆ. “ಅದನ್ನ ಹುಡುಕಿ ಕೊಡಿ ಅಳಿಯಂದ್ರೆ. ಅದೊಂದಿದ್ರೆ ನಾನು ಹೆದರೋದಿಲ್ಲ” ಎಂದು ಅತ್ತೆ ನೆಮ್ಮದಿಯಿಂದ ತಟ್ಟೆಗೆ ಕೈ ಹಾಕಿದರು. ಅಂದರೆ ಅವರ ಬಿಪಿ, ಬಿಪಿಯ ಹಿಂದೆ ಅವರ ಕಣ್ಣು, ಕಣ್ಣಿನ ಹಿಂದೆ ಆ ಮುಚ್ಚಿಟ್ಟ ಪುಸ್ತಕ, ಎಲ್ಲವೂ ಒಂದು ಸೂರ್ಯೋದಯದ ಚಿತ್ರಕ್ಕೆ ಜೋತುಬಿದ್ದ ಹಾಗಾಯಿತು.

ಹುಡುಕುವುದು ಈಗ ಸುಲಭ. ಫೋನಿನಲ್ಲೇ ಕನ್ನಡ ಬೈಬಲ್ ಇದೆ, ಪದ ಹಾಕಿದರೆ ಬಂದ ಕಡೆಯೆಲ್ಲ ತೋರಿಸುತ್ತದೆ. ‘ಭಯಪಡಬೇಡ’ ಎಂದು ಹಾಕಿದೆ. ಬಂದದ್ದು ವರ್ಷಕ್ಕಿರಲಿ, ಮಳೆಗಾಲಕ್ಕೂ ಸಾಲದು. ಆಮೇಲೆ ಹೊಳೆಯಿತು: ಕನ್ನಡದಲ್ಲಿ ಹೆದರುವುದಕ್ಕೆ ಒಂದೇ ಮಾತೇ? ಹೆದರಬೇಡ, ಅಂಜಬೇಡ, ದಿಗಿಲುಪಡಬೇಡ, ಕಳವಳಪಡಬೇಡ. ಬಹುವಚನದಲ್ಲಿ ಬೇಡಿರಿ. ಕನ್ನಡ ಮೇಷ್ಟ್ರಾಗಿ ಇದು ಮೊದಲೇ ಹೊಳೆಯಬೇಕಿತ್ತು. ಪದದ ಬಾಲ ಕತ್ತರಿಸಿ ಬರೀ ಬುಡ ಹಾಕೋಣ ಎಂದು ‘ಭಯ’, ‘ಅಂಜ’, ‘ಹೆದರ’, ‘ಬೇಡ’ ಎಂದು ಒಂದೊಂದಾಗಿ ಹಾಕಿದೆ. ಆಗ ನೋಡಿ, ಸಂತೆಯೇ ನೆರೆಯಿತು! ವರ್ಷ ತುಂಬಿ ಮಿಕ್ಕಿತು. ನಾನು ಖುಷಿಯಿಂದ ಗ್ರೇಸಿಯನ್ನು ಕರೆದು, “ಮುನ್ನೂರ ಅರವತ್ತೈದೇನು, ಎಲ್ಲ ಮನೆಗೂ ಹಂಚಬಹುದು” ಎಂದೆ.

ಗ್ರೇಸಿ ಫೋನ್ ತೆಗೆದುಕೊಂಡು ಬೆರಳಿನಿಂದ ಮೇಲೆ ಕೆಳಗೆ ಮಾಡಿದಳು. “ರೀ, ಇದು ಅಂಜೂರ.”

“ಎಂತ ಅಂಜೂರ?”

“ಅಂಜೂರದ ಮರ. ಅಂಜೂರದ ಹಣ್ಣು. ಅಂಜೂರದ ಎಲೆ ಹೊಲ್ಕೊಂಡ್ರು. ನೀವು ‘ಅಂಜ’ ಅಂತ ಹಾಕಿದ್ದಕ್ಕೆ ತೋಟಾನೇ ಬಂದಿದೆ.”

ನೋಡಿದರೆ ಹೌದು. ಪವಿತ್ರ ಗ್ರಂಥದಲ್ಲಿ ಅಷ್ಟೊಂದು ಅಂಜೂರ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ‘ಭಯ’ ಎಂದು ಹಾಕಿದ್ದಕ್ಕೆ ‘ಉಭಯ’ರೂ ಬಂದು ಕೂತಿದ್ದರು. ‘ಅಭಯ’ವೂ ಬಂದಿತ್ತು, ಅದನ್ನು ಭಯದ ಲೆಕ್ಕಕ್ಕೆ ಹಿಡಿಯಬೇಕೋ ಬಿಡಬೇಕೋ ಎಂದು ವ್ಯಾಕರಣದ ಪುಸ್ತಕ ತೆಗೆದೆ. ‘ಬೇಡ’ದ ಪಾಲಿಗೆ ಬೇಡಿಕೊಂಡವರೆಲ್ಲ ಬಂದಿದ್ದರು, ಕೈಗೆ ಬೇಡಿ ಹಾಕಿಸಿಕೊಂಡವರೂ ಬಂದಿದ್ದರು. ‘ಲಂಚ’ದ ವಾಕ್ಯ ಬರೆ ಎಂದರೆ ‘ಲಾಂಛನ’ದ ವಾಕ್ಯ ಬರೆದ ಹುಡುಗನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದವನು. ಅಂಜೂರ ಕಿತ್ತೆ, ಉಭಯರನ್ನು ಕಳಿಸಿದೆ, ಬೇಡಿಕೊಂಡವರನ್ನು ಹೊರಡಿಸಿದೆ. ಉಳಿದದ್ದನ್ನು ಎಣಿಸಿದೆ. ಎಷ್ಟು ಹಿಂಜಿದರೂ ಮುನ್ನೂರರ ಹತ್ತಿರ ಸುಳಿಯಲಿಲ್ಲ. ಮನೆಯಲ್ಲಿದ್ದ ಇನ್ನೊಂದು ಅನುವಾದ ತೆಗೆದರೆ ಅಲ್ಲಿ ಲೆಕ್ಕವೇ ಬೇರೆ. ಇವರು ‘ಅಂಜಬೇಡ’ ಎಂದ ಕಡೆ ಅವರು ‘ಧೈರ್ಯವಾಗಿರು’ ಎಂದುಬಿಟ್ಟಿದ್ದರು. ಸೂರ್ಯೋದಯ ಕಳಿಸಿದವನು ಎಣಿಸಿರಲೇ ಇಲ್ಲ.

ಇಷ್ಟಾದ ಮೇಲಾದರೂ ‘ಲೆಕ್ಕ ತಪ್ಪು ಅತ್ತೆ’ ಎಂದು ಹೇಳಬಹುದಿತ್ತು. ಗ್ರೇಸಿ ಬೇಡವೆಂದಳು. “ಈಗ ಹಾಗಂದ್ರೆ ಅಮ್ಮ ಬಸ್ಸೇ ಹತ್ತೋದಿಲ್ಲ. ಯಾವುದಾದ್ರೂ ಒಂದು ಒಳ್ಳೇದು ನೋಡಿ ಕೊಡ್ರಿ. ನಿಮಗೆ ಅಷ್ಟೂ ಬರೋದಿಲ್ವಾ?” ಆ ಕೊನೆಯ ಮಾತು ನನಗೆ ಚುಚ್ಚುವ ಜಾಗದಲ್ಲೇ ಚುಚ್ಚಿತು.

ಒಂದು ಆರಿಸುವುದೂ ಸುಲಭವಿರಲಿಲ್ಲ. ಅತ್ತೆ ದಿನಕ್ಕೊಂದು ಷರತ್ತು ಸೇರಿಸಿದರು. “ಬೇಡಿರಿ ಅನ್ನೋದು ಬೇಡ. ಅದು ಊರಿಗೆಲ್ಲ ಹೇಳಿದ್ದು. ಬೇಡ ಅನ್ನೋದೇ ಬೇಕು.” ಸರಿ, ಏಕವಚನ. “ಗಂಡಸರಿಗೆ ಹೇಳಿದ್ದು ಬೇಡ. ಅವರಿಗೆ ದೇವರು ಯುದ್ಧಕ್ಕೆ ಹೋಗು ಅಂತ ಹೇಳಿರ್ತಾನೆ.” ಅದೂ ನಿಜ, ಅಬ್ರಹಾಮ, ಗಿದ್ಯೋನ ಎಲ್ಲರೂ ಹೋದರು. ಉಳಿದದ್ದು ಬೆರಳೆಣಿಕೆಯ ಹೆಂಗಸರು. ಮರಿಯಳಿಗೆ ದೇವದೂತ ಹೇಳಿದ್ದು ಇತ್ತು, ಆದರೆ ಅದರ ಮುಂದೆಯೇ ಮಗು ಹುಟ್ಟುವ ಸುದ್ದಿ. ಅತ್ತೆಯ ವಯಸ್ಸಿಗೆ ಅದು ಸರಿಹೋಗುವುದಿಲ್ಲ. ಹಾಗೆ ಹುಡುಕುವಾಗ ಫೋನಿನ ಪರದೆಯ ಮೇಲೆ ಒಂದು ವಚನ ಬಂತು. ನನಗೆ ಕುಣಿಯಬೇಕೆನಿಸಿತು. ರಾಹೇಲಳೆಂಬ ಹೆಂಗಸು ಕಷ್ಟದಲ್ಲಿ ಮಲಗಿದ್ದಾಳೆ, ಪಕ್ಕದಲ್ಲಿ ನಿಂತ ಸೂಲಗಿತ್ತಿ ‘ಹೆದರಬೇಡ’ ಎನ್ನುತ್ತಾಳೆ. ಹೆಂಗಸು ಹೆಂಗಸಿಗೆ ಹೇಳಿದ್ದು, ಏಕವಚನ, ಮೇಲಾಗಿ ಆಸ್ಪತ್ರೆಯ ವಾತಾವರಣ. ಇದೂ ಹೆರಿಗೆಯ ಮಾತೇ, ಆದರೆ ಸೂಲಗಿತ್ತಿ ಎಂದರೆ ಆಗಿನ ಕಾಲದ ನರ್ಸು ತಾನೇ? ಅಳತೆ ತೆಗೆದು ಹೊಲಿದ ಹಾಗಿತ್ತು. “ಸಿಕ್ಕಿತು ಅತ್ತೆ, ಆಸ್ಪತ್ರೆಯಲ್ಲೇ ಓದ್ತೀನಿ” ಎಂದೆ. ಅತ್ತೆಯ ಮುಖ ಅರಳಿತು.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಇಷ್ಟು ವಚನ ತಿರುವಿಹಾಕಿದ ಮೇಲೆ ನನಗೆ ಒಂದು ಸಂಶಯ ಬಂದಿತ್ತು. ‘ಹೆದರಬೇಡ’ ಎಂದು ಯಾರೂ ಸುಮ್ಮನೆ ಹೇಳುವುದಿಲ್ಲ. ಕುರಿ ಕಾಯುವವರು ಆರಾಮಾಗಿ ಕೂತಿರುತ್ತಾರೆ, ದೇವದೂತ ಆಕಾಶ ಬೆಳಗಿಸಿಕೊಂಡು ಬಂದು ಹೆದರಬೇಡಿರಿ ಎಂದರೆ ಹೆದರದೆ ಏನು ಮಾಡುತ್ತಾರೆ? ನಮ್ಮ ಮನೆಯಲ್ಲೂ ಅದೇ. ಸ್ಟಾಫ್ ರೂಮಿನಲ್ಲಿ ಕೂತಿರುವಾಗ ಗ್ರೇಸಿ ಫೋನ್ ಮಾಡಿ “ಏನಿಲ್ಲ, ಹೆದರ್ಬೇಡಿ” ಎಂದಳೆಂದರೆ ನಾನು ಕುರ್ಚಿ ಹಿಡಿದುಕೊಳ್ಳುತ್ತೇನೆ. ಒಂದೋ ಸ್ಕೂಟರ್ ಚರಂಡಿಯಲ್ಲಿರುತ್ತದೆ, ಅಥವಾ ಅವಳ ದೊಡ್ಡಪ್ಪನ ಸಂಸಾರ ನಮ್ಮ ಮನೆಯಲ್ಲಿರುತ್ತದೆ. ಈ ಸಂಶಯವನ್ನು ಇನ್ನೂ ಸ್ವಲ್ಪ ಬೆಳೆಸಿದ್ದರೆ ಒಳ್ಳೆಯದಿತ್ತು. ಬೆಳೆಸಲಿಲ್ಲ.

ಆ ದಿನ ಬೆಳಿಗ್ಗೆ ಸಾಗರದ ಬಸ್ಸು ಹಿಡಿದೆವು. ಅತ್ತೆ ಅರ್ಧ ದಾರಿಯ ಬಟ್ಟೆಮಲ್ಲಪ್ಪ ಎಂಬ ಊರಿನವರೆಗೆ ಕೀರ್ತನೆ ಗುನುಗಿದರು. ಅಲ್ಲಿಂದ ಮುಂದೆ ಗುನುಗು ನಿಂತು, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತರು. ಆಸ್ಪತ್ರೆಯಲ್ಲಿ ಹನಿ ಹಾಕಿದರು, ಅಂಗಿ ತೊಡಿಸಿದರು, ಬಿಪಿ ನೋಡಿದರು. ನರ್ಸು ಹುಬ್ಬೇರಿಸಿ, “ಅಜ್ಜೀ, ಜಾಸ್ತಿ ಇದೆ. ಸ್ವಲ್ಪ ಹೊತ್ತು ಕೂತ್ಕೊಳ್ಳಿ, ಇನ್ನೊಂದ್ಸಲ ನೋಡ್ತೀನಿ. ಈ ಸಲನೂ ಇಳೀಲಿಲ್ಲ ಅಂದ್ರೆ ಡಾಕ್ಟ್ರು ಬೈತಾರೆ” ಎಂದು ಹೋದಳು. ಬೆಂಚಿನ ಮೇಲೆ ಅತ್ತೆ ನಡುವೆ, ಆಚೆ ಈಚೆ ನಾವಿಬ್ಬರು. ಗ್ರೇಸಿ ನನ್ನ ಕಡೆ ನೋಡಿದಳು. ಈಗ ಓದಿ ಎಂದು ಆ ನೋಟದ ಅರ್ಥ.

ನಾನು ಫೋನ್ ತೆಗೆದೆ. “ಅದ್ರಲ್ಲಿ ಬೇಡ” ಎಂದರು ಅತ್ತೆ. “ಅದ್ರಲ್ಲಿ ಓದಿದ್ರೆ ಕರೆಂಟ್ ಬಿಲ್ ಓದಿದ ಹಾಗೆ ಕೇಳ್ತದೆ. ಪುಸ್ತಕದಲ್ಲೇ ಓದಿ.” ಚೀಲದಿಂದ ಅವರ ಬೈಬಲ್ ತೆಗೆದು ನನ್ನ ಕೈಗೆ ಕೊಟ್ಟರು. ಜಾಗ ಹುಡುಕಿ, ತರಗತಿಯಲ್ಲಿ ಓದುವ ದನಿಯಲ್ಲೇ ಓದಿದೆ. ಸೂಲಗಿತ್ತಿ ಬಂದಳು, ಹೆದರಬೇಡ ಎಂದಳು. ನಾನು ಅಲ್ಲಿಗೆ ನಿಲ್ಲಿಸಿ, ಅತ್ತೆ ‘ಆಮೆನ್’ ಎನ್ನಲೆಂದು ಕಾದೆ.

ಅತ್ತೆ ಅನ್ನಲಿಲ್ಲ. “ಮುಂದೆ ಓದಿ” ಎಂದರು.

ಮುಂದಿನ ವಚನದ ಮೇಲೆ ಕಣ್ಣು ಹೋಯಿತು. ಫೋನು ನನಗೆ ಹುಡುಕಿದ ಪದ ಇದ್ದ ವಚನವನ್ನಷ್ಟೇ ತೋರಿಸಿತ್ತು. ಮುಂದಿನದನ್ನು ತೋರಿಸಿರಲಿಲ್ಲ, ನಾನೂ ನೋಡಿರಲಿಲ್ಲ. ಮುಂದಿನ ವಚನದಲ್ಲಿ ರಾಹೇಲಳು ಸಾಯುತ್ತಾಳೆ. ಹೆದರಬೇಡ ಎಂದು ಹೇಳಿಸಿಕೊಂಡು, ತಕ್ಷಣ, ಅಲ್ಲೇ ಸಾಯುತ್ತಾಳೆ. ಆ ಬೆವರು ಬಂದದ್ದು ಆಗ. ಕಾರಿಡಾರಿನ ತುದಿಯಲ್ಲಿ ನರ್ಸು ಬಿಪಿ ನೋಡುವ ಪಟ್ಟಿ ಹಿಡಿದು ಯಾರೊಂದಿಗೋ ಮಾತಾಡುತ್ತಿದ್ದಳು. ಇನ್ನೇನು ಈ ಕಡೆ ತಿರುಗುತ್ತಾಳೆ.

“ಮುಂದೆ ಎಂತ ಅಳಿಯಂದ್ರೆ?”

“ಮುಂದೆ... ಊರಿನ ಹೆಸರುಗಳು ಅತ್ತೆ.”

“ಯಾವೂರು?”

“ಬೆತ್ಲೆಹೇಮ್. ಬೆತ್ಲೆಹೇಮಿಗೆ ಹೋಗುವ ದಾರಿ.”

“ಆ ದಾರೀಲಿ ಎಂತ ಆಯ್ತು?”

“ಹೋದ್ರು ಅತ್ತೆ. ಎಲ್ಲರೂ ಹೋದ್ರು.”

“ಎಲ್ಲರೂ ಹೋಗ್ಲಿಲ್ಲ. ಅವಳನ್ನ ಆ ದಾರೀಲೇ ಮಣ್ಣು ಮಾಡಿ ಹೋದ್ರು.”

ಗ್ರೇಸಿ ನನ್ನನ್ನು ನೋಡಿದ ರೀತಿಯನ್ನು ನಾನು ಬರೆಯುವುದಿಲ್ಲ. ಇಷ್ಟು ವರ್ಷ ಭಾನುವಾರದ ಮಕ್ಕಳಿಗೆ ಇದೇ ಕಥೆ ಹೇಳಿದವರ ಮುಂದೆ ನಾನು ಊರಿನ ಹೆಸರು ಹೇಳಿ ತಪ್ಪಿಸಿಕೊಳ್ಳಲು ಹೊರಟಿದ್ದೆ! ಮೂರನೆಯ ಸಲವೂ ಹೋಯಿತು, ಕಣ್ಣೂ ಹೋಯಿತು, ಅದೂ ನನ್ನ ಕೈಯಿಂದಲೇ ಎಂದು ಪುಸ್ತಕ ಮುಚ್ಚಿದೆ. ಅತ್ತೆಯ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ತಿಳಿದು ಅವರ ಕೈ ಹಿಡಿದುಕೊಂಡೆ.

ಅತ್ತೆ ನಗುತ್ತಿದ್ದರು. ಮೊದಲು ಸದ್ದಿಲ್ಲದೆ, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು, ಆಮೇಲೆ ಸೆರಗಿಗೂ ಹಿಡಿಸದೆ. “ಅಷ್ಟು ದೊಡ್ಡ ಪುಸ್ತಕದಲ್ಲಿ... ಅಷ್ಟು ಜನಕ್ಕೆ ಹೆದರಬೇಡ ಅಂತ ಹೇಳಿದಾನೆ... ಎಲ್ಲರೂ ಬದುಕಿದಾರೆ... ನೀವು ಸತ್ತವಳನ್ನೇ ಹುಡುಕಿ ತಂದ್ರಲ್ಲ ಮಾರಾಯ್ರೆ!” ಹನಿ ಹಾಕಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಗ್ರೇಸಿಯೂ ಸುರುಮಾಡಿದಳು. ಎದುರು ಬೆಂಚಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದವರು ಏನಾಯಿತೆಂದು ಪಕ್ಕದವರನ್ನು ಕೇಳತೊಡಗಿದರು. ನರ್ಸು ಓಡಿಬಂದು, “ಎಂತ ಅಜ್ಜಿ ಇದು, ಆಪರೇಷನ್‌ಗೆ ಬಂದೋರು ಹಿಂಗಾ ನಗೋದು? ಸುಮ್ನೆ ಕೂತ್ಕೊಳ್ಳಿ, ಬಿಪಿ ನೋಡ್ಬೇಕು” ಎಂದು ಗದರಿದಳು.

ನಗು ಇಳಿಯಲು ಸ್ವಲ್ಪ ಹೊತ್ತೇ ಹಿಡಿಯಿತು. ಇಳಿದ ಮೇಲೆ ನರ್ಸು ಪಟ್ಟಿ ಸುತ್ತಿ, ಗಾಳಿ ತುಂಬಿ, ಬಿಟ್ಟು, ಮತ್ತೆ ತುಂಬಿ ನೋಡಿದಳು. ಒಂದು ಸಲ ಪಟ್ಟಿಯನ್ನೇ ಅನುಮಾನದಿಂದ ನೋಡಿದಳು. “ಇಳಿದಿದೆ. ಬನ್ನಿ, ಬನ್ನಿ, ಮತ್ತೆ ಏರೋದರೊಳಗೆ ಬನ್ನಿ” ಎಂದು ಅತ್ತೆಯನ್ನು ಎಬ್ಬಿಸಿದಳು. ಅತ್ತೆ ಹಸಿರು ಪರದೆಯ ಹತ್ತಿರ ನಿಂತರು. ಮತ್ತೆ ಅಲ್ಲಿಂದಲೇ ಹಿಂದೆ ತಿರುಗುತ್ತಾರೇನೋ ಎಂದು ನಾನು ಬೆಂಚಿನಿಂದ ಎದ್ದೆ. ಅವರು ನನ್ನ ಬಿಳಿ ಅಂಗಿ ಎಲ್ಲಿದೆಯೆಂದು ಹುಡುಕಿ, “ಅಳಿಯಂದ್ರೆ, ನಾನು ಬರೋವರೆಗೆ ಇನ್ನೊಂದು ಹುಡುಕ್ಬೇಡಿ” ಎಂದು ಹೇಳಿ ಒಳಗೆ ಹೋದರು.

ಹುಡುಕಲಿಲ್ಲ. ಪರದೆಯ ಆಚೆ ಯಾವ ಪಾತ್ರೆ ಸದ್ದಾದರೂ ಏಳುತ್ತಿದ್ದೆ, ಕೂರುತ್ತಿದ್ದೆ. ಕತ್ತಿ ಬರುವುದು ಅವರಿಗೆ ಕಾಣುತ್ತದೋ ಇಲ್ಲವೋ ತಿಳಿಯದು, ನನಗಂತೂ ಗೋಡೆಯ ಮೂಲಕವೂ ಕಾಣುತ್ತಿತ್ತು. ಕೊನೆಗೆ ಡಾಕ್ಟರು ಬಂದು, “ಚೆನ್ನಾಗಾಯ್ತು. ಒಳಗೂ ನಗ್ತಾನೇ ಇದ್ರು, ತಲೆ ಅಲ್ಲಾಡಿಸ್ಬೇಡಿ ಅಂತ ಹೇಳಿ ಹೇಳಿ ಸಾಕಾಯ್ತು” ಎಂದರು.

ಮರುದಿನ ಬಲಗಣ್ಣಿನ ಪಟ್ಟಿ ತೆಗೆದರು. ಅತ್ತೆ ಗೋಡೆ ನೋಡಿದರು, ಕಿಟಕಿ ನೋಡಿದರು, ಮಗಳ ಸೀರೆಯ ಅಂಚಿನ ಬಣ್ಣ ಹೇಳಿದರು. ಆಮೇಲೆ ನನ್ನನ್ನು ತುಂಬ ಹೊತ್ತು ನೋಡಿ, “ಪಾಪ” ಎಂದರು. ಯಾಕೆಂದು ಹೇಳಲಿಲ್ಲ. ಗ್ರೇಸಿ ಕೂದಲು ಉದುರಿದ ನನ್ನ ತಲೆಯ ಮುಂಭಾಗದ ಕಡೆ ಕಣ್ಣಲ್ಲೇ ತೋರಿಸಿದಳು.

ಈಗ ಅತ್ತೆ ತೀರ್ಥಹಳ್ಳಿಯಲ್ಲಿ ಹೊಸ ಕನ್ನಡಕ ಹಾಕಿಕೊಂಡು ಮತ್ತೆ ಆದಿಯಿಂದ ಹಿಡಿದಿದ್ದಾರೆ. ಆದರೆ ಒಂದು ಹೊಸ ಚಾಳಿ ಸೇರಿಕೊಂಡಿದೆ. ಪದ ಎಣಿಸುತ್ತಾರೆ. ಫೋನಿನಲ್ಲಲ್ಲ, ಓದುತ್ತ ಓದುತ್ತ ಬೆರಳು ಮಡಚಿ. ಮೊನ್ನೆ ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ಫೋನ್ ಬಂತು.

“ಅಳಿಯಂದ್ರೆ, ಅಳಿಯ ಅನ್ನೋ ಮಾತು ಬೈಬಲಲ್ಲಿ ಎಷ್ಟು ಸಲ ಉಂಟು ಗೊತ್ತಾ?”

“ಎಷ್ಟು ಅತ್ತೆ?”

“ಬಹಳ ಕಮ್ಮಿ. ಇರೋ ಕಡೆನೂ ಹೇಳ್ಕೊಳ್ಳೋ ಹಾಗಿಲ್ಲ. ಲೋಟ ಅನ್ನೋನ ಅಳಿಯಂದ್ರು ಇದಾರೆ. ಊರಿಗೆ ಬೆಂಕಿ ಬೀಳ್ತದೆ, ಹೊರಡಿ ಅಂದ್ರೆ ಮಾವ ತಮಾಷೆ ಮಾಡ್ತಾನೆ ಅಂದ್ಕೊಂಡು ಕೂತ್ರು. ಮತ್ತೆ ಸಂಸೋನ. ಅವನು ಮಾವನ ಮೇಲಿನ ಸಿಟ್ಟಿಗೆ ನರಿ ಬಾಲಕ್ಕೆ ಪಂಜು ಕಟ್ಟಿ ಗದ್ದೆಯೆಲ್ಲ ಸುಟ್ಟ.”

“ದಾವೀದ?” ಎಂದೆ. ನಾನೂ ಸ್ವಲ್ಪ ಓದಿಕೊಂಡವನು. “ದಾವೀದನೂ ಸೌಲ ರಾಜನ ಅಳಿಯನೇ ಅಲ್ವಾ ಅತ್ತೆ?”

“ಹೌದು. ಅವನಿಗೆ ಮಾವ ಭರ್ಜಿ ಎಸೆದ.”

“ಹಾಗಾದ್ರೆ ನಾನು ಇವರಲ್ಲಿ ಯಾರ ಥರ ಅತ್ತೆ?” ಎಂದು ಕೇಳಿದೆ. ಕೇಳಬಾರದಿತ್ತು.

“ಅದು ಒಂದೇ ಕಣ್ಣಲ್ಲಿ ಓದಿದ್ರೆ ಗೊತ್ತಾಗೋದಿಲ್ಲ. ಎಡಗಣ್ಣಿಂದೂ ಮಾಡಿಸ್ಬಿಡುವ, ಆಮೇಲೆ ಸರಿಯಾಗಿ ನೋಡಿ ಹೇಳ್ತೀನಿ. ದಿನ ಗೊತ್ತುಮಾಡಿ” ಎಂದು ಇಟ್ಟುಬಿಟ್ಟರು.

ಗೊತ್ತುಮಾಡಿದ್ದೇನೆ. ಅತ್ತೆ ಆರಾಮಾಗಿದ್ದಾರೆ. ನಿನ್ನೆ ಶಾಲೆಗೆ ಆರೋಗ್ಯ ತಪಾಸಣೆಯವರು ಬಂದಿದ್ದರು. ಮೇಷ್ಟ್ರುಗಳದ್ದೂ ನೋಡುತ್ತೇವೆಂದು ನನ್ನ ತೋಳಿಗೂ ಪಟ್ಟಿ ಸುತ್ತಿದರು. ನೋಡಿ ಹುಬ್ಬೇರಿಸಿ, “ಸಾರ್, ಇತ್ತೀಚೆಗೆ ಎಂತಾದ್ರೂ ಟೆನ್ಷನ್ ಇದೆಯಾ?” ಎಂದು ಕೇಳಿದರು.

ಗೊತ್ತಿಲ್ಲ ಎಂದೆ.